ಬೆಳಕು ಕಡಿಮೆ ಇರುವ ಕೋಣೆಗೆ ಗಿಡ: ನರ್ಸರಿಯವರಲ್ಲಿ ಕೇಳಿ

ಈ ವಾರ ಉತ್ತರ ಕೊಡುವವರು ಉಡುಪಿಯಲ್ಲಿ ನರ್ಸರಿ ನಡೆಸುವ ನಮ್ಮ ಸದಸ್ಯರು. ಆಫೀಸುಗಳ ಒಳಗಿನ ಗಿಡ ನೋಡಿಕೊಳ್ಳುವುದೂ ಅವರದೇ ಕೆಲಸ. ಕೇಳುವಾಗ ಕಿಟಕಿ ಯಾವ ದಿಕ್ಕಿಗೆ ಉಂಟು ಅಂತ ಬರೆಯಿರಿ.

ಪ್ರಶ್ನೆ (ಬಿಜೈ): ನಮಸ್ತೆ ಅಣ್ಣ. ನಮ್ಮದು ಎರಡನೇ ಮಾಳಿಗೆ. ಹಾಲಿಗೆ ಉತ್ತರಕ್ಕೆ ಒಂದೇ ಕಿಟಕಿ, ಅದರೆದುರೇ ಪಕ್ಕದ ಅಪಾರ್ಟ್‌ಮೆಂಟಿನ ಗೋಡೆ. ಮನಿಪ್ಲಾಂಟ್ ತಂದೆ, ಎಲೆ ಹಳದಿಯಾಗಿ ಉದುರಿತು. ಪೀಸ್ ಲಿಲಿ ತಂದೆ, ಅದೂ ಹೋಯಿತು. ದಿನಾ ತಪ್ಪದೆ ನೀರು ಹಾಕ್ತಿದ್ದೆ. ಕತ್ತಲೆಯಲ್ಲಿ ಬದುಕುವ ಗಿಡ ಯಾವುದು?

ಉತ್ತರ: ಅಕ್ಕ, "ದಿನಾ ತಪ್ಪದೆ" ಅಂದಿರಲ್ಲ, ತೊಂದರೆ ಇರುವುದು ಅಲ್ಲೇ. ಎಲೆ ಆಹಾರ ಮಾಡುವುದು ಬೆಳಕಿನಿಂದ. ಬೆಳಕು ಕಡಿಮೆಯಾದರೆ ಆ ಕೆಲಸ ನಿಧಾನ, ನೀರಿನ ಖರ್ಚೂ ಕಡಿಮೆ. ನೀವು ಹಾಕಿದ್ದು ಚಟ್ಟಿಯಲ್ಲೇ ನಿಲ್ತದೆ, ಬೇರಿಗೆ ಗಾಳಿ ಸಿಗದೆ ಕೊಳೀತದೆ. ಕೊಳೆತ ಬೇರಿಗೆ ನೀರು ಎಳೆಯಲು ಆಗುವುದಿಲ್ಲ, ಹಾಗಾಗಿ ಗಿಡ ಬಾಡ್ತದೆ. ಬಾಡಿದ್ದು ನೋಡಿ ನಾವು ಇನ್ನೊಂದು ಚೊಂಬು ಹೊಯ್ಯುವುದು! ನಮ್ಮ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆಯೇ ಒಣಗುವುದಿಲ್ಲ, ಮತ್ತೆ ಚಟ್ಟಿಯ ಮಣ್ಣು ಒಣಗುವುದು ಹೇಗೆ? ನನ್ನ ಹತ್ತಿರ "ಬೆಳಕಿಲ್ಲದೆ ಸತ್ತಿತು" ಅಂತ ಬರುವ ಗಿಡಗಳನ್ನು ಕಿತ್ತು ನೋಡಿದರೆ ಹೆಚ್ಚಿನವಕ್ಕೆ ಬೇರೇ ಇರುವುದಿಲ್ಲ, ಬರೀ ಕಪ್ಪು ಲೋಳೆ.

ಬೆಳಕೇ ಇಲ್ಲದೆ ಬದುಕುವ ಗಿಡ ಅಂತ ಯಾವುದೂ ಇಲ್ಲ. ಎಷ್ಟು ಬೆಳಕು ಉಂಟು ಅಂತ ಮೊದಲು ನೋಡಿ. ಕಣ್ಣನ್ನು ನಂಬಬೇಡಿ, ಅದು ಕತ್ತಲಿಗೆ ಬೇಗ ಹೊಂದಿಕೊಳ್ತದೆ. ಬೆಳಕು ಅಳೆಯುವುದು ಲಕ್ಸ್ ಲೆಕ್ಕದಲ್ಲಿ, ಮಧ್ಯಾಹ್ನದ ಬಿಸಿಲು ಸುಮಾರು 1 ಲಕ್ಷ ಲಕ್ಸ್. ನಿಮ್ಮಂಥ ಹಾಲಿನಲ್ಲಿ ಕಿಟಕಿಯಿಂದ ನಾಲ್ಕು ಹೆಜ್ಜೆ ಒಳಗೆ ಅದು 100–200ಕ್ಕೆ ಇಳಿದಿರಬಹುದು. ಹಗಲು ಹನ್ನೆರಡಕ್ಕೆ ಟ್ಯೂಬ್‌ಲೈಟ್ ಆರಿಸಿ, ಗಿಡ ಇಡುವ ಜಾಗದಲ್ಲಿ ಬಿಳಿ ಕಾಗದ ಇಟ್ಟು, ಒಂದು ಅಡಿ ಮೇಲೆ ಕೈ ಹಿಡಿಯಿರಿ. ನೆರಳು ಮಸುಕಾಗಿಯಾದರೂ ಬಿದ್ದರೆ ಗಿಡ ಇಡಬಹುದು. ನೆರಳೇ ಬೀಳದಿದ್ದರೆ ಅಲ್ಲಿ ಗಣಪತಿ ಮೂರ್ತಿ ಇಡಿ.

ಮಸುಕು ನೆರಳಿಗೆ ನಾನು ಕೊಡುವುದು ಮೂರೇ. ಝಡ್‌ಝಡ್ ಪ್ಲಾಂಟ್, ಸ್ನೇಕ್ ಪ್ಲಾಂಟ್, ಹಸಿರು ಅಗ್ಲೋನಿಮಾ. ಝಡ್‌ಝಡ್ ಆಫ್ರಿಕದ ಪೂರ್ವದ್ದು, ಮಣ್ಣಿನೊಳಗೆ ಗೆಡ್ಡೆಯಲ್ಲಿ ನೀರು ಕೂಡಿಡ್ತದೆ. ಮಳೆಗಾಲದಲ್ಲಿ ಮೂರು ನಾಲ್ಕು ವಾರ ಮರೆತರೂ ಅದಕ್ಕೆ ಬೇಸರವಿಲ್ಲ. ಅಗ್ಲೋನಿಮಾ ಆಗ್ನೇಯ ಏಷ್ಯಾದ ಕಾಡಿನ ನೆಲದ ಗಿಡ, ನಮ್ಮ ಸೆಕೆ, ತೇವ ಎರಡೂ ಅದಕ್ಕೆ ಹಿಡಿಸ್ತದೆ. ಕೆಂಪು, ಗುಲಾಬಿ ಬಣ್ಣದ್ದು ಚಂದ ಅಂತ ತರಬೇಡಿ. ಎಲೆಯಲ್ಲಿ ಹಸಿರು ಕಡಿಮೆ ಇದ್ದಷ್ಟೂ ಬೆಳಕು ಹೆಚ್ಚು ಬೇಕು.

ನೀರಿಗೆ ವಾರದ ಲೆಕ್ಕ ಬೇಡ. ಬೆರಳು ಎರಡು ಗೆಣ್ಣು ಒಳಗೆ ಹಾಕಿ, ತಂಪು ತಾಗಿದರೆ ಬಿಡಿ. ಝಡ್‌ಝಡ್, ಸ್ನೇಕ್ ಪ್ಲಾಂಟಿಗಾದರೆ ಚಟ್ಟಿ ಎತ್ತಿ ನೋಡಿ, ಹಗುರ ಆದ ಮೇಲೆ ಮಾತ್ರ ನೀರು.

ಮರುಪ್ರಶ್ನೆ (ಬಿಜೈ): ಮಣ್ಣು ನಮ್ಮ ಅಮ್ಮನ ಮನೆ ತೋಟದ ಕೆಂಪುಮಣ್ಣೇ. ಅದು ಆಗ್ತದಲ್ವಾ?

ಉತ್ತರ: ತೋಟದಲ್ಲಿ ಆಗ್ತದೆ, ಚಟ್ಟಿಯಲ್ಲಿ ಗಟ್ಟಿ ಕೂತುಬಿಡ್ತದೆ. ಕೆಂಪುಮಣ್ಣು ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು, ದಪ್ಪ ಹೊಯಿಗೆ (ಮರಳು) ಅಥವಾ ಇದ್ದಿಲ ಚೂರು ಒಂದು ಪಾಲು. ಝಡ್‌ಝಡ್‌ಗೆ ನಾರಿನ ಪುಡಿ ಅರ್ಧ ಪಾಲಿಗೆ ಇಳಿಸಿ. ಕಡಲ ಬದಿಯ ಹೊಯಿಗೆ ಬೇಡ, ಅದರಲ್ಲಿ ಉಪ್ಪು ಉಂಟು.

ಪ್ರಶ್ನೆ (ಕಾಪು): ನಮ್ಮದು ಹಳೆಯ ಹಂಚಿನ ಮನೆ. ಚಾವಡಿಯ ಕಿಟಕಿ ಸಣ್ಣದು, ಆದರೆ ಮಾಡಿನಲ್ಲಿ ಎರಡು ಗಾಜಿನ ಹಂಚು ಉಂಟು. ಅದರ ಕೆಳಗೆ ಗಿಡ ಇಡಬಹುದಾ?

ಉತ್ತರ: ನಿಮ್ಮದು ಪುಣ್ಯದ ಮನೆ ಮಾರಾಯ್ರೆ. ಮೇಲಿನಿಂದ ಬೀಳುವ ಬೆಳಕಿಗೆ ಗಿಡ ಒಂದೇ ಬದಿಗೆ ವಾಲುವುದಿಲ್ಲ, ನೆಟ್ಟಗೆ ಬರ್ತದೆ. ಎರಡು ವಿಷಯ ನೋಡಿಕೊಳ್ಳಿ. ಗಾಜಿನ ಹಂಚಿನಿಂದ ಬೀಳುವ ಬಿಸಿಲಿನ ತುಂಡು ದಿನವಿಡೀ ಜಾಗ ಬದಲಿಸ್ತದೆ, ತಿಂಗಳಿಂದ ತಿಂಗಳಿಗೂ ಸರಿಯುತ್ತದೆ. ಮಾರ್ಚ್–ಏಪ್ರಿಲ್‌ನಲ್ಲಿ ನಡುಹಗಲು ಅದು ನೇರ ಬಿದ್ದರೆ ಅಗ್ಲೋನಿಮಾ ಎಲೆ ಸುಟ್ಟು ಕಂದು ಆಗ್ತದೆ. ಒಂದು ಭಾನುವಾರ ಮನೆಯಲ್ಲಿ ಕೂತು ಆ ತುಂಡು ಎಲ್ಲೆಲ್ಲಿ ಹೋಗ್ತದೆ ಅಂತ ಸೀಮೆಸುಣ್ಣದಲ್ಲಿ ಗುರುತು ಮಾಡಿ, ಅದರ ಬದಿಗೆ ಇಡಿ. ಇನ್ನೊಂದು, ಒಂದು ಮಳೆಗಾಲ ಕಳೆದರೆ ಆ ಗಾಜಿನ ಮೇಲೆ ಪಾಚಿ. ಅರ್ಧ ಬೆಳಕು ಅಲ್ಲಿಯೇ ನಿಲ್ತದೆ. ಮಾಡಿನ ಕೆಲಸದವರು ಹಂಚು ಕೈಯಾಡಿಸಲು ಬಂದಾಗ ಅದನ್ನೂ ತಿಕ್ಕಿಸಿ. ನೀವು ಹತ್ತುವುದು ಬೇಡ.

ಜಗಲಿ ಇದ್ದರೆ ಜರಿಗಿಡ ಅಲ್ಲಿಗೆ. ಚಾವಡಿಗಿಂತ ಅಲ್ಲಿಯೇ ಅದಕ್ಕೆ ಸುಖ.

ಪ್ರಶ್ನೆ (ಮಣಿಪಾಲ): ಸರ್, ನನ್ನ ಪಿಜಿ ರೂಮಿಗೆ ವೆಂಟಿಲೇಟರ್ ಮಾತ್ರ ಇರುವುದು. ಗ್ರೋ ಲೈಟ್ (ಗಿಡಕ್ಕೆಂದೇ ಮಾರುವ ದೀಪ) ತಗೊಳ್ಳಬೇಕಾ? ಮತ್ತೆ ಸ್ನೇಕ್ ಪ್ಲಾಂಟ್ ರಾತ್ರಿ ಆಕ್ಸಿಜನ್ ಕೊಡ್ತದಂತೆ, ನಾಸಾದವರೇ ಹೇಳಿದ್ದಾರಂತೆ?

ಉತ್ತರ: ನೇರಳೆ ಬೆಳಕಿನದ್ದು ಬೇಡ, ಅದರಡಿ ಓದಲೂ ಆಗುವುದಿಲ್ಲ. 12 ವ್ಯಾಟಿನ ಬಿಳಿ ಎಲ್‌ಇಡಿ ಬಲ್ಬನ್ನು ಟೇಬಲ್ ಲ್ಯಾಂಪಿಗೆ ಹಾಕಿ, ಗಿಡದಿಂದ ಒಂದು ಅಡಿ ಮೇಲೆ, ದಿನಕ್ಕೆ 12 ಗಂಟೆ ಉರಿಸಿ. ತಿಂಗಳಿಗೆ ನಾಲ್ಕೂವರೆ ಯೂನಿಟ್ ಒಳಗೆ ಆಗ್ತದೆ. ಪಿಜಿಯವರಿಗೆ ಮೊದಲೇ ಹೇಳಿ ಇಡಿ. ಒಂದು ಅಡಿಯಿಂದ ಎರಡು ಅಡಿಗೆ ಎತ್ತಿದರೆ ಗಿಡಕ್ಕೆ ಸಿಗುವ ಬೆಳಕು ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳೀತದೆ, ಆದ್ದರಿಂದ ಸೀಲಿಂಗಿನ ಬಲ್ಬ್ ಲೆಕ್ಕಕ್ಕಿಲ್ಲ.

ನಾಸಾದ್ದು 1989ರ ಪ್ರಯೋಗ. ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗೆ ಗಿಡ ಇಟ್ಟು, ಗಾಳಿಯಲ್ಲಿನ ಕೆಲವು ರಾಸಾಯನಿಕ ಕಡಿಮೆಯಾಗ್ತದಾ ಅಂತ ನೋಡಿದ್ದರು. ಮನೆಯಲ್ಲಿ ಗಾಳಿ ಓಡಾಡುತ್ತಲೇ ಇರ್ತದೆ. ಆ ಬಗೆಯ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು 2019ರಲ್ಲಿ ಲೆಕ್ಕ ಹಾಕಿದವರ ಪ್ರಕಾರ, ಗಾಳಿಯಾಡುವಷ್ಟು ಕೆಲಸ ಗಿಡದಿಂದ ಆಗಬೇಕಾದರೆ ಒಂದೊಂದು ಚದರ ಮೀಟರಿಗೆ ಕಡಿಮೆಯೆಂದರೂ ಹತ್ತು ಗಿಡ ಬೇಕು, ಸಾವಿರದವರೆಗೂ ಹೋಗಬಹುದು. ನೀವು ಮಲಗುವುದೆಲ್ಲಿ? ರಾತ್ರಿಯ ಆಕ್ಸಿಜನ್ ಕಥೆಯೂ ಹಾಗೆಯೇ, ಒಂದು ಚಟ್ಟಿಯಿಂದ ರೂಮಿನ ಗಾಳಿಗೆ ವ್ಯತ್ಯಾಸ ಏನೂ ಆಗುವುದಿಲ್ಲ. ಗಿಡ ಮಾರುವವನು ನಾನು, ಆದರೂ ಹಾಗೆ ಹೇಳಿ ಮಾರುವುದಿಲ್ಲ.

ಪ್ರಶ್ನೆ (ಉರ್ವ): ಬಾಟಲಿಯಲ್ಲಿ ಮನಿಪ್ಲಾಂಟ್ ಇಟ್ಟಿದ್ದೆ. ಡೆಂಗಿ ಸರ್ವೆಗೆ ಬಂದವರು ಎಲ್ಲ ಚೆಲ್ಲಿಸಿದರು. ಅಷ್ಟು ಸಣ್ಣ ಬಾಟಲಿಗೂ ಇಷ್ಟು ರಂಪವಾ?

ಉತ್ತರ: ಅವರು ಮಾಡಿದ್ದು ಸರಿ ಉಂಟು. ಡೆಂಗಿಯ ಸೊಳ್ಳೆಗೆ ಸಣ್ಣ ಬಾಟಲಿಯೇ ಇಷ್ಟ. ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಬಾಟಲಿಯ ಒಳಗೋಡೆಗೆ ಮೊಟ್ಟೆ ಅಂಟಿಸ್ತದೆ. ಆ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಉಳಿದು, ನೀರು ತಾಗಿದ ಕೂಡಲೇ ಒಡೀತದೆ. ಹಾಗಾಗಿ ನೀರು ಬದಲಿಸಿದರೆ ಸಾಲದು, ವಾರಕ್ಕೊಮ್ಮೆ ಒಳಗೆ ಬ್ರಶ್ ಹಾಕಿ ತಿಕ್ಕಬೇಕು. ಬಾಯಿಗೆ ಹತ್ತಿ ತುರುಕಿಸಿ. ಚಟ್ಟಿಯ ಕೆಳಗಿನ ತಟ್ಟೆಗೆ ಹೊಯಿಗೆ ತುಂಬಿಸಿ, ನೀರು ಮೇಲೆ ನಿಲ್ಲಬಾರದು. ಇಷ್ಟು ಆಗದಿದ್ದರೆ ಮಣ್ಣಿಗೆ ಹಾಕಿಬಿಡಿ.

ಪ್ರಶ್ನೆ (ಕುಂದಾಪುರ): ಒಂದೂವರೆ ವರ್ಷದ ಮಗು ಉಂಟು, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ನೀವು ಹೇಳಿದ ಗಿಡಗಳು ವಿಷವಾ?

ಉತ್ತರ: ಅಗ್ಲೋನಿಮಾ, ಝಡ್‌ಝಡ್, ಮನಿಪ್ಲಾಂಟ್, ಪೀಸ್ ಲಿಲಿ ಎಲ್ಲ ಕೆಸುವಿನ ಕುಟುಂಬದವೇ. ಪತ್ರೊಡೆಗೆ ಹುಳಿ ಕಡಿಮೆಯಾದರೆ ಗಂಟಲು ತುರಿಸ್ತದಲ್ಲ, ಆ ತುರಿಕೆಯ ಹರಳುಗಳೇ ಇವುಗಳಲ್ಲೂ ಇರುವುದು. ಮಗು ಹಸಿ ಎಲೆ ಕಚ್ಚಿದರೆ ಬಾಯಿ ಉರಿದು ಬಾವು ಬರಬಹುದು. ಬಾಯಿ ಒರೆಸಿ, ನೀರು ಕುಡಿಸಿ, ಡಾಕ್ಟರಿಗೆ ತೋರಿಸಿ. ಇದೇ ಕುಟುಂಬದ ಡಿಫನ್‌ಬೇಕಿಯಾ ಅಂತೂ ಮನೆಯೊಳಗೆ ತರಲೇಬೇಡಿ. ಸ್ನೇಕ್ ಪ್ಲಾಂಟ್ ಆ ಕುಟುಂಬದ್ದಲ್ಲ, ಆದರೂ ತಿಂದರೆ ವಾಂತಿ ಆಗಬಹುದು. ಸದ್ಯ ಸ್ಪೈಡರ್ ಪ್ಲಾಂಟ್ ಇಡಿ, ಕಿಟಕಿಗೆ ಹತ್ತಿರ.

ಪ್ರಶ್ನೆ (ಉಡುಪಿ): ಮಲ್ಲಿಗೆ ಹಾಲಿನಲ್ಲಿ ಆಗ್ತದಾ? ಮತ್ತೆ ಗಂಜಿ ತೆಳಿ ಹಾಕಬಹುದಾ?

ಉತ್ತರ: ಮಲ್ಲಿಗೆಗೆ ಇಡೀ ದಿನ ಬಿಸಿಲು ಬೇಕು. ಶಂಕರಪುರದವರು ಅಂಗಳದಲ್ಲಿ ಬೆಳೆಸುವುದನ್ನು ನೀವು ಸೋಫಾದ ಬದಿಯಲ್ಲಿ ಬೆಳೆಸಲು ಹೋಗಬೇಡಿ. ತೆಳಿ ಹೊರಗಿನ ಗಿಡಕ್ಕೆ ಹಾಕಿ. ಒಳಗೆ ಹಾಕಿದರೆ ಮಣ್ಣಿನ ಮೇಲೆ ಬಿಳಿ ಬೂಷ್ಟು, ಅದರ ಹಿಂದೆಯೇ ಸಣ್ಣ ಕಪ್ಪು ನುಸಿ. ನುಸಿ ಈಗಾಗಲೇ ಇದ್ದರೆ ಮೇಲಿನ ಎರಡಿಂಚು ಮಣ್ಣು ಪೂರಾ ಒಣಗಲು ಬಿಡಿ, ಹಳದಿ ಅಂಟುಕಾಗದ ಚುಚ್ಚಿಡಿ.

ಪ್ರಶ್ನೆ (ಸುರತ್ಕಲ್): ಆಟಿ (ಜುಲೈ–ಆಗಸ್ಟ್‌ನ ತುಳು ತಿಂಗಳು) ಕಳೆದು ಗಿಡ ತಂದರೆ ಸಾಕಾ, ಈಗಲೇ ತರುವುದಾ?

ಉತ್ತರ: ಆಟಿಯೂ ಬೇಡ, ಅದರ ಮುಂದಿನ ತಿಂಗಳು ಸೋಣವೂ ಬೇಡ, ನವರಾತ್ರಿ ಮುಗಿಯಲಿ. ಲಾರಿಯಲ್ಲಿ ದೂರದಿಂದ ಬಂದ ಗಿಡ ಮಳೆಗಾಲದಲ್ಲಿ ನಮ್ಮಲ್ಲೇ ಸುಧಾರಿಸುವುದು ಕಷ್ಟ, ನಿಮ್ಮ ಕತ್ತಲ ರೂಮಿನಲ್ಲಿ ಇನ್ನೂ ಕಷ್ಟ. ಜನವರಿಯಲ್ಲಿ ಮಂಗಳೂರಿನ ಕದ್ರಿ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಹೋದರೆ ಅಲ್ಲಿಯೂ ಗಿಡ ಸಿಗ್ತದೆ. ಎಲ್ಲಿ ಕೊಂಡರೂ ಹೂ ನೋಡಬೇಡಿ, ಚಟ್ಟಿ ಮಗುಚಿ ತಳದ ತೂತು ನೋಡಿ. ಬಿಳಿ ಬೇರು ಇಣುಕಿದರೆ ತಗೊಳ್ಳಿ, ವಾಸನೆ ಬಂದರೆ ಅಲ್ಲಿಯೇ ಬಿಡಿ. ಮನೆಗೆ ತಂದ ಮೇಲೆ ಮೊದಲ ಎರಡು ವಾರ ಕಿಟಕಿಯ ಹತ್ತಿರ ಇಟ್ಟು, ಮತ್ತೆ ಒಳಗೆ ಸರಿಸಿ. ನಾಲ್ಕೈದು ಎಲೆ ಉದುರಿದರೆ ನನಗೆ ಫೋಟೋ ಕಳಿಸುವುದು ಬೇಡ. ಗಿಡದ ಕೊಡಿಯೇ (ತುದಿಯ ಚಿಗುರೇ) ಬಾಡಿದರೆ ಕಳಿಸಿ.