ಟ್ಯಾಂಕಿನ ಹಿಂದೆ ಮಂಗ ಸತ್ತಿದೆ, ಯಾರೂ ಹತ್ತಿರ ಹೋಗಬೇಡಿ

ಹೆಗಡೆ, ಕೊನೆಯ ಸಾಲಿನ ಮನೆ:
ನೀರಿನ ಟ್ಯಾಂಕಿನ ಹಿಂದೆ, ಬೆಟ್ಟಕ್ಕೆ ಹೋಗುವ ಕಾಲುದಾರಿಯ ಪಕ್ಕ ಮಂಗವೊಂದು ಸತ್ತು ಬಿದ್ದಿದೆ. ಮೈಮೇಲೆ ಗಾಯವಿಲ್ಲ, ಹತ್ತಿರದಲ್ಲಿ ವಿದ್ಯುತ್ ತಂತಿಯೂ ಇಲ್ಲ. ಈಗ ಫೆಬ್ರವರಿ, ರಕ್ತ ಹೀರುವ ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯ ಕಾಲ. ಶಿರಸಿ, ಸಿದ್ದಾಪುರದವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಮಕ್ಕಳ ಚೆಂಡು ಆ ಕಡೆ ಬಿದ್ದರೆ ಅಲ್ಲಿಯೇ ಇರಲಿ.

ನಾಯ್ಕ, ಎರಡನೇ ಅಡ್ಡರಸ್ತೆ:
ಹನುಮಂತನ ಸ್ವರೂಪ, ಹಾಗೇ ಕೊಳೆಯಲು ಬಿಡುವುದೇ? ನಾಲ್ಕು ಜನ ಸೇರಿ ಹೂವು, ಕುಂಕುಮ ಹಾಕಿ ಮಣ್ಣು ಮಾಡೋಣ. ಗುದ್ದಲಿ ನಾನು ತರುತ್ತೇನೆ.

ಹೆಗಡೆ:
ನಾಯ್ಕರೇ, ಕೈ ಮುಗಿಯುವುದಾದರೆ ಮನೆಯಿಂದಲೇ ಮುಗಿಯಿರಿ. ಜೀವವಿರುವವರೆಗೆ ಉಣುಗು ಮಂಗನ ಮೈಮೇಲಿರುತ್ತದೆ. ಮೈ ತಣ್ಣಗಾದ ಮೇಲೆ ಇಳಿದು ಸುತ್ತಲಿನ ದರಕಿನಲ್ಲಿ (ಒಣಗಿ ಬಿದ್ದ ಎಲೆಯಲ್ಲಿ) ಹರಡಿಕೊಂಡು ಮತ್ತೊಂದು ಬಿಸಿ ಮೈಗಾಗಿ ಕಾಯುತ್ತದೆ. ನೀವು ಹೂವು ಹಿಡಿದು ಬಗ್ಗಿದರೆ ಆ ಬಿಸಿ ಮೈ ನಿಮ್ಮದೇ. ಮರಿ ಉಣುಗು ಗಸಗಸೆ ಕಾಳಿನಷ್ಟು, ಕಚ್ಚಿದ್ದು ತಿಳಿಯುವುದೂ ಇಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾದಾಗಲೂ ಮಂಗಗಳು ಸಾಯುತ್ತಿದ್ದವು.

ಬಾಡಿಗೆ ಮನೆಯವರು:
ದರಕು ಚೆನ್ನಾಗಿ ಒಣಗಿದೆ, ಬೆಂಕಿ ಹಚ್ಚಿಬಿಡೋಣವೇ?

ಹೆಗಡೆ:
ಒಣಗಿದೆ ಎಂದೇ ಬೇಡ. ಬೆಟ್ಟವೂ ಉರಿಯುತ್ತದೆ.

ಮಾಸ್ತರರು:
ಚಿಕ್ಕ ಮಾತು. ಉಣುಗನ್ನು ಹಲವರು ಕೀಟ ಎನ್ನುತ್ತಾರೆ, ಅದು ಕೀಟವಲ್ಲ, ಜೇಡ, ಚೇಳುಗಳ ಬಳಗದ್ದು. ಬೆಳೆದ ಉಣುಗಿಗೆ ಎಂಟು ಕಾಲು.

ಆಕಳ ಮನೆ ಅಕ್ಕ:
ಮಾಸ್ತರರೇ, ನಮ್ಮ ಆಕಳ ಕಿವಿಯಲ್ಲಿ ಬೇಕಾದಷ್ಟಿವೆ, ಬಂದು ಎಣಿಸಿ. ನನ್ನ ಚಿಂತೆ ಬೇರೆ. ನಿನ್ನೆ ಟ್ಯಾಂಕಿನ ಕಡೆಯಿಂದಲೇ ಎರಡು ಹೊರೆ ದರಕು ತಂದು ಕೊಟ್ಟಿಗೆಗೆ ಹಾಸಿದ್ದೇನೆ. ಈಗೇನು ಮಾಡಲಿ?

ಆಶಾ ಕಾರ್ಯಕರ್ತೆ:
ಅಕ್ಕ, ಮೊದಲು ಮೈ ನೋಡಿಕೊಳ್ಳಿ: ಕಂಕುಳು, ಸೊಂಟ, ಮೊಣಕಾಲಿನ ಹಿಂಭಾಗ, ಕಿವಿಯ ಸಂದು. ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ, ಬೀಡಿ ಬೆಂಕಿ ಯಾವುದೂ ಬೇಡ. ಚಿಮಟದಿಂದ ಚರ್ಮಕ್ಕೆ ಹತ್ತಿರವಾಗಿ ಹಿಡಿದು ನೇರವಾಗಿ ಎಳೆಯಿರಿ, ಜಜ್ಜಬೇಡಿ. ನಿನ್ನೆಯ ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಹಾಸಿದ ದರಕಿಗೆ ಬರಿಗೈ ಹಾಕಬೇಡಿ, ಪಶುವೈದ್ಯರು ಬಂದಾಗ ಕೇಳೋಣ.
ರೋಗವಿರುವ ಉಣುಗು ಕಚ್ಚಿದ್ದರೆ ಸಾಮಾನ್ಯವಾಗಿ 3ರಿಂದ 8 ದಿನಗಳಲ್ಲಿ ಜ್ವರ ಏಕಾಏಕಿ ಏರುತ್ತದೆ. ತಲೆನೋವು, ಮೈಕೈ ನೋವು ಜೋರಾಗಿರುತ್ತದೆ, ಕೆಲವರಿಗೆ ವಸಡು, ಮೂಗಿನಿಂದ ರಕ್ತ ಬರುತ್ತದೆ. ಅಂಗಡಿಯ ಮಾತ್ರೆ ನುಂಗಿ ಮಲಗದೆ ಆಸ್ಪತ್ರೆಗೆ ಹೋಗಿ, ದರಕು ತಂದ ವಿಷಯವನ್ನು ಹೇಳಿ. ಹಳೆಯ ಲಸಿಕೆಯನ್ನು ಈಗ ಕೊಡುವುದಿಲ್ಲ. ಇನ್ನೊಂದು ಮಾತು: ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಅಕ್ಕನನ್ನು ಕಂಡು ಯಾರೂ ದೂರ ಸರಿಯಬೇಡಿ.

ಹೆಗಡೆ:
ಫೋನ್ ಮಾಡಿದೆ. ಒಂದು ಕಚೇರಿಯವರು ಇನ್ನೊಂದು ಕಚೇರಿಯನ್ನು ತೋರಿಸಿದರು, ಅಲ್ಲಿಯವರು ಊಟಕ್ಕೆ ಹೋಗಿದ್ದರು. ನಮ್ಮ ಜಿಲ್ಲೆಗೆ ಈ ರೋಗವೇನು ನಿನ್ನೆ ಬಂದದ್ದೇ! ಕೊನೆಗೆ ಪಶುವೈದ್ಯರು ಮೂರು ಗಂಟೆಗೆ ಬರಲು ಒಪ್ಪಿದ್ದಾರೆ. ಶವಪರೀಕ್ಷೆ, ಸುಡುವುದು, ಸುತ್ತಲೂ ಉಣುಗು ಕೊಲ್ಲುವ ಮೆಲಾಥಿಯಾನ್ ಪುಡಿ ಹಾಕಿಸುವುದು ಅವರಿಗೆ ಬಿಟ್ಟದ್ದು. ಅಲ್ಲಿಯವರೆಗೆ ಕಾಲುದಾರಿಗೆ ಹಗ್ಗ ಕಟ್ಟಬೇಕು, ನಾಯಿಗಳನ್ನೂ ಕಟ್ಟಿಹಾಕಬೇಕು.

ನಾಯ್ಕ:
ಹಗ್ಗವನ್ನು ಈ ಬದಿಯಿಂದಲೇ ಕಟ್ಟುತ್ತೇನೆ. ಸುಡುವಾಗ ದೂರ ನಿಂತು ಕೈ ಮುಗಿಯಬಹುದಲ್ಲವೇ?

ಆಶಾ ಕಾರ್ಯಕರ್ತೆ:
ಧಾರಾಳವಾಗಿ. ಹೋಗುವ ಮೊದಲು ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೆಪಾ ತೈಲ ಹಚ್ಚಿಕೊಳ್ಳಿ. ನನ್ನ ಬಳಿ ಇದೆ, ದುಡ್ಡು ಕೊಡಬೇಕಾಗಿಲ್ಲ.

ಆಕಳ ಮನೆ ಅಕ್ಕ:
ಮೂರನೇ ಮನೆಯವರೇ, ನಿಮ್ಮ ನಾಯಿ ಟ್ಯಾಂಕಿನ ಕಡೆ ಓಡುತ್ತಿದೆ. ಗೇಟಿನಲ್ಲೇ ನಿಂತು ಕರೆಯಿರಿ, ಹಿಂದೆ ಓಡಬೇಡಿ.