50 ಸಾವಿರದೊಳಗೆ ದೊಡ್ಡ ಹೆಸರಿನ ಬೇಸ್ ಗಿಟಾರ್ ತಗೋಬಹುದಾ?

ಮಂಡ್ಯದಿಂದ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಬೇಸ್ ನುಡಿಸುವ ಅಣ್ಣಂದಿರು, ಅಕ್ಕಂದಿರು ಇದ್ದರೆ ಸ್ವಲ್ಪ ದಾರಿ ತೋರಿಸಿ. ಮಂಡ್ಯ ಕಡೆಯ ಒಂದು ಆರ್ಕೆಸ್ಟ್ರಾದಲ್ಲಿ ಎರಡು ವರ್ಷದಿಂದ ಬೇಸ್ ನುಡಿಸುತ್ತಿದ್ದೇನೆ. ಗಿಟಾರ್ ನನ್ನದಲ್ಲ, ತಂಡದ ಯಜಮಾನರದ್ದು. ಅದರ ತಂತಿ ಎಷ್ಟು ಮೇಲಿದೆ ಅಂದರೆ, ಮೂರು ಗಂಟೆ ಕಾರ್ಯಕ್ರಮ ಮುಗಿಸಿ ವಾಪಸ್ ಬರುವಾಗ ಎಡಗೈಯಲ್ಲಿ ಬೈಕಿನ ಕ್ಲಚ್ ಹಿಡಿಯೋಕೂ ಆಗುವುದಿಲ್ಲ. ಈ ಸಲ ಗಣೇಶನ ಸೀಸನ್ ಚೆನ್ನಾಗಿ ನಡೆಯಿತು. 50 ಸಾವಿರ ಕೂಡಿಟ್ಟಿದ್ದೇನೆ.

ಮ್ಯೂಸಿಕ್ ಮ್ಯಾನ್, ವಾರ್ವಿಕ್, ಸ್ಪೆಕ್ಟರ್ ಅಂದರೆ ಮೊದಲಿನಿಂದಲೂ ಆಸೆ. ಅಮೆರಿಕದಲ್ಲಿ, ಜರ್ಮನಿಯಲ್ಲಿ ಮಾಡಿದ್ದು ಲಕ್ಷಗಳ ಲೆಕ್ಕ, ಅದು ನನಗೆ ಆಗಿಬರಲ್ಲ. ಆದರೆ ಇದೇ ಕಂಪನಿಗಳು ಕಡಿಮೆ ಬೆಲೆಗೂ ಮಾಡಿಸುತ್ತವಲ್ಲ, ಸ್ಟರ್ಲಿಂಗ್, ರಾಕ್‌ಬಾಸ್, ಲೆಜೆಂಡ್ ಅಂತ. ಅವು ನಿಜವಾಗಲೂ ಅದೇ ಗಿಟಾರಾ, ಇಲ್ಲ ಬರೀ ಹೆಸರಿಗೆ ದುಡ್ಡಾ? ನಾಲ್ಕು ತಂತಿ ಸಾಕಾ, ಐದು ಬೇಕಾ? ಅಪ್ಪ ಅಂತೂ "ಅಷ್ಟು ದುಡ್ಡಿಗೆ ಒಂದು ಹಸು ಬರುತ್ತೆ" ಅಂತ ದಿನಾ ಹೇಳುತ್ತಿದ್ದಾರೆ.

ಸರಸ್ವತಿಪುರಂನಿಂದ, 20 ವರ್ಷ ಆರ್ಕೆಸ್ಟ್ರಾದಲ್ಲಿ ನುಡಿಸಿದವರು

ತಮ್ಮಾ, ಬರೀ ಹೆಸರಲ್ಲ. ಹಾಗಂತ ಪೂರ್ತಿ ಅದೇ ಗಿಟಾರೂ ಅಲ್ಲ. ಆಕಾರ ಅದೇ, ನೆಕ್ಕಿನ (ಬೆರಳಿಟ್ಟು ನುಡಿಸುವ ಉದ್ದ ಕತ್ತಿನ) ಅಳತೆ ಹೆಚ್ಚುಕಮ್ಮಿ ಅದೇ, ತಂತಿಯ ಕಂಪನ ಹಿಡಿಯುವ ಪಿಕಪ್ ಕೂರುವ ಜಾಗವೂ ಅದೇ. ಬದಲಾಗುವುದು ಮರ, ಒಳಗಿನ ವೈರಿಂಗ್ ಸರಕು, ಫ್ರೆಟ್ (ನೆಕ್ ಮೇಲಿನ ಲೋಹದ ಪಟ್ಟಿ) ತುದಿ ಉಜ್ಜಿದ ನಾಜೂಕು, ಮತ್ತೆ ಉಜ್ಜಿದವನ ಸಂಬಳ.

ಮ್ಯೂಸಿಕ್ ಮ್ಯಾನ್‌ನ ಸ್ಟಿಂಗ್‌ರೇ ಬೇಸನ್ನೇ ನೋಡು. 1976ರಲ್ಲಿ ಬಂತು. ಲಿಯೊ ಫೆಂಡರ್ ತಮ್ಮ ಫೆಂಡರ್ ಗಿಟಾರ್ ಕಂಪನಿಯನ್ನು 1965ರಲ್ಲೇ ಮಾರಿಬಿಟ್ಟಿದ್ದರು. ಆಮೇಲೆ ಮ್ಯೂಸಿಕ್ ಮ್ಯಾನ್ ಜೊತೆ ಸೇರಿ ಮಾಡಿದ್ದು ಇದು. ಬ್ರಿಡ್ಜ್ (ತಂತಿಯ ಕೆಳತುದಿ ಕೂರುವ ಭಾಗ) ಕಡೆಗೆ ಒಂದೇ ಒಂದು ದಪ್ಪ ಪಿಕಪ್, ಒಳಗೆ ಬ್ಯಾಟರಿಯಲ್ಲಿ ನಡೆಯುವ ಸರ್ಕ್ಯೂಟ್, ಅಷ್ಟೇ ಅದರ ಗುಟ್ಟು. ಏಷ್ಯಾದಲ್ಲಿ ತಯಾರಾಗುವ ಸ್ಟರ್ಲಿಂಗ್ ರೇ4ರಲ್ಲೂ ಆ ಗುಟ್ಟು ಇದೆ. ಪೆಂಡಾಲಿನಲ್ಲಿ ಕೂತವರಿಗೆ ಎರಡಕ್ಕೂ ವ್ಯತ್ಯಾಸ ಗೊತ್ತಾಗಲ್ಲ. ನಿನಗೆ ಗೊತ್ತಾಗುತ್ತೆ. ಮೇಲಿನ ಫ್ರೆಟ್‌ಗೆ ಕೈ ಹೋದಾಗ, ವಾಲ್ಯೂಮ್ ಅರ್ಧಕ್ಕೆ ಇಳಿಸಿದಾಗ.

ಆದರೆ ನಾನು ಹೆಸರಿಗಿಂತ ಮೊದಲು ಕೇಳುವುದು ಕರೆಂಟಿನ ವಿಷಯ. ನಾವು ನುಡಿಸುವುದು ಎಸಿ ಹಾಲ್‌ನಲ್ಲಿ ಅಲ್ಲವಲ್ಲ. ಊರಹಬ್ಬದಲ್ಲಿ ಜನರೇಟರ್ ಪಕ್ಕದಲ್ಲೇ ಗುಡುಗುಡು ಅನ್ನುತ್ತಿರುತ್ತೆ, ಸೀರಿಯಲ್ ಸೆಟ್ಟು, ಡಿಮ್ಮರ್ ಲೈಟು ಎಲ್ಲ ಒಂದೇ ಲೈನಿನಲ್ಲಿ. ಅರ್ಥಿಂಗ್ ದೇವರಿಗೇ ಪ್ರೀತಿ. ಅಂಥ ಕಡೆ ಸಿಂಗಲ್ ಕಾಯಿಲ್ (ಒಂದೇ ತಂತಿ ಸುರುಳಿಯ) ಪಿಕಪ್ ಇರುವ ಬೇಸ್ ಹಿಡಿದರೆ ಗೊರಗೊರ ಸದ್ದು, ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ. ನನಗೆ ಮದ್ದೂರು ಕಡೆ ಒಂದು ಊರಿನಲ್ಲಿ ಹಾಗಾಯಿತು. ಮೈಕಿನವನು ನನ್ನ ಚಾನಲ್ಲನ್ನೇ ಮುಚ್ಚಿಬಿಟ್ಟ. ನನಗೆ ಗೊತ್ತೇ ಆಗಲಿಲ್ಲ, ಒಂದು ಗಂಟೆ ಸುಮ್ನೆ ಬೆರಳಾಡಿಸಿದೆ. ಫೆಂಡರ್‌ನ ಪ್ರಿಸಿಷನ್ ಬೇಸ್ ಬಂದದ್ದು 1951ರಲ್ಲಿ. 1957ರಿಂದ ಅದರ ಪಿಕಪ್ ಎರಡು ತುಂಡು, ಒಂದರ ಗೊರಗೊರವನ್ನು ಇನ್ನೊಂದು ಅಳಿಸುತ್ತೆ. ಸ್ಟಿಂಗ್‌ರೇಯ ದಪ್ಪ ಪಿಕಪ್ಪಿನಲ್ಲೂ ಅದೇ ಉಪಾಯ. ನಿನ್ನ ಕೆಲಸಕ್ಕೆ ಇವೆರಡೇ ಅಂತ ನನ್ನ ಅಭಿಪ್ರಾಯ.

ಐದು ತಂತಿ ಬಗ್ಗೆ. "ಇವತ್ತು ಗಂಟಲು ಸರಿಯಿಲ್ಲ, ಅರ್ಧ ಮನೆ ಇಳಿಸಿ" ಅಂತ ಗಾಯಕರು ವೇದಿಕೆ ಮೇಲೆ ಹೇಳುವುದು ನಿನಗೆ ಹೊಸದಲ್ಲ. ಆಗ ಐದನೇ ತಂತಿ ಇದ್ದರೆ ನೆಮ್ಮದಿ, ನಿಜ. ಆದರೆ ನಾಲ್ಕು ತಂತಿಯ ಕೆಳಗಿನ ಸ್ವರವೇ 41 ಹರ್ಟ್ಸ್, ಐದನೆಯದು 31. ನಮ್ಮ ಪೆಂಡಾಲಿನ ಬಾಕ್ಸುಗಳಲ್ಲಿ 31 ಕೇಳಿಸುವುದೇ ಅನುಮಾನ. ಕಡಿಮೆ ಬೆಲೆಯ ಐದು ತಂತಿಯಲ್ಲಿ ಆ ದಪ್ಪ ತಂತಿ ಸಡಿಲ ಹಗ್ಗದ ಹಾಗೆ ಒದರುವುದೂ ಉಂಟು. ನಾಲ್ಕೇ ತಗೋ. ಸ್ವರ ಸಿಗದಿದ್ದರೆ ಒಂದು ಸ್ಥಾಯಿ ಮೇಲೆ ನುಡಿಸು, ಯಾರೂ ಕೇಸ್ ಹಾಕಲ್ಲ.

ಕುವೆಂಪುನಗರದಿಂದ

ನಾನಾಗಿದ್ದರೆ ಹಸುನೇ ತಗೋತಿದ್ದೆ, ಹಾಲಾದರೂ ಕೊಡುತ್ತೆ! ತಮಾಷೆ ಕಣಪ್ಪ. ಆದರೆ ಒಂದು ಮಾತು. ಹೆಸರಿನ ಹಿಂದೆ ಹೋಗುವ ಮುಂಚೆ ಯಮಹಾ ಬಿಬಿ ಒಂದು ಸಲ ಕೈಯಲ್ಲಿ ಹಿಡಿದು ನೋಡು. 1977ರಿಂದ ಬರುತ್ತಿರುವ ಸಾಲು. ಯಮಹಾದವರು ಅಗ್ಗದ್ದಕ್ಕೆ ಬೇರೆ ಹೆಸರು ಇಟ್ಟಿಲ್ಲ, ಎಲ್ಲದರ ಮೇಲೂ ಒಂದೇ ಮುದ್ರೆ. ಹೆಡ್‌ಸ್ಟಾಕ್ (ನೆಕ್ಕಿನ ತಲೆ) ಮೇಲಿನ ಹೆಸರು ನೋಡಿ ನಾಚಿಕೊಳ್ಳುವ ಪ್ರಶ್ನೆಯೇ ಇಲ್ಲ. ನನ್ನದಕ್ಕೆ ಒಂಬತ್ತು ವರ್ಷ ಆಯಿತು. ತಂತಿ ಬಿಟ್ಟರೆ ಏನನ್ನೂ ಬದಲಿಸಿಲ್ಲ.

ಮೈಸೂರು, ಚರ್ಚ್ ಕಾಯರ್‌ನಲ್ಲಿ ನುಡಿಸುವ ಒಬ್ಬರು

ಸರಸ್ವತಿಪುರಂ ಅಣ್ಣ ಹೇಳಿದ ಪ್ರಿಸಿಷನ್ ಒಳ್ಳೆಯದೇ, ಆದರೆ ಅವರ ಕೈ ದೊಡ್ಡದಿರಬೇಕು. ನನ್ನ ಬೆರಳು ಚಿಕ್ಕದು. ಪ್ರಿಸಿಷನ್‌ನ ನೆಕ್ ಶುರುವಾಗುವ ಕಡೆ ಅಗಲ ಸುಮಾರು 42 ಮಿ.ಮೀ., ಫೆಂಡರ್‌ನದೇ ಇನ್ನೊಂದು ಮಾದರಿ ಜಾಝ್ ಬೇಸ್‌ದು 38. ಹೇಳೋಕೆ ನಾಲ್ಕೇ ಮಿಲಿಮೀಟರ್. ನುಡಿಸೋಕೆ ಕೂತರೆ ಹತ್ತೇ ನಿಮಿಷದಲ್ಲಿ ಗೊತ್ತಾಗುತ್ತೆ. ನಾನು ಸ್ಕ್ವಯರ್ ಕ್ಲಾಸಿಕ್ ವೈಬ್ ಜಾಝ್ ಬೇಸ್ ತಗೊಂಡೆ. ಸ್ಕ್ವಯರ್ ಅಂದರೆ ಫೆಂಡರ್‌ನವರದ್ದೇ. ಮೊದಲು ತಂತಿ ಮಾಡುತ್ತಿದ್ದ ಬೇರೆ ಕಂಪನಿ, ಫೆಂಡರ್ ಕೊಂಡುಕೊಂಡು 1982ರಲ್ಲಿ ಆ ಹೆಸರನ್ನು ಗಿಟಾರಿಗೆ ಇಟ್ಟರು. ಗೊರಗೊರ ಇದೆ, ಸುಳ್ಳು ಹೇಳಲ್ಲ. ಅದರ ಎರಡೂ ಪಿಕಪ್ಪಿನ ವಾಲ್ಯೂಮ್ ಪೂರ್ತಿ ಏರಿಸಿಟ್ಟರೆ ನಿಲ್ಲುತ್ತೆ.

ಒಂದು ತಮಾಷೆ ಹೇಳ್ತೀನಿ. ನಮ್ಮ ಬೀದಿಯಲ್ಲಿ ಬೀಟೆ ಮರದ ಕುಸುರಿ ಕೆಲಸ ಮಾಡುತ್ತಿದ್ದ ಅಜ್ಜ ಒಬ್ಬರಿದ್ದಾರೆ. ಹೊಸ ಗಿಟಾರ್ ತೋರಿಸಿ "ಬೀಟೆ ಹಾಕಿದ್ದಾರೆ ನೋಡಿ ತಾತ" ಅಂದೆ. ಫ್ರೆಟ್ ನಡುವೆ ಬೆರಳಾಡಿಸಿ, "ಇದು ಬೀಟೆ ಅಲ್ಲಮ್ಮ, ಮತ್ತಿ" ಅಂದರು. ಮನೆಗೆ ಬಂದು ನೋಡಿದರೆ ಕಂಪನಿಯವರು ಇಂಡಿಯನ್ ಲಾರೆಲ್ ಅಂತ ಬರೆದಿದ್ದಾರೆ, ನಮ್ಮ ಮತ್ತಿ ಮರದ್ದೇ ಇಂಗ್ಲಿಷ್ ಹೆಸರು! 2017ರಲ್ಲಿ ಬೀಟೆ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುಪಾಡು ಬಂದಾಗ ಎಷ್ಟೋ ಕಂಪನಿ ಬೇರೆ ಮರ ಹುಡುಕಿಕೊಂಡವು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕರೂ ಮತ್ತಿ ಉಳಿದುಕೊಂಡಿದೆ. ನಾದದಲ್ಲಿ ನನಗಂತೂ ಏನೂ ಕಮ್ಮಿ ಅನಿಸಿಲ್ಲ.

ವಿಜಯನಗರದಿಂದ

ನನ್ನ ಹತ್ತಿರ ವಾರ್ವಿಕ್ ರಾಕ್‌ಬಾಸ್ ಕಾರ್ವೆಟ್ ಇದೆ. ಚೀನಾದಲ್ಲಿ ಮಾಡಿದ್ದು, ಸೆಕೆಂಡ್ ಹ್ಯಾಂಡ್. ಬೆಂಗಳೂರಿಗೆ ಹೋಗಿ 38 ಸಾವಿರಕ್ಕೆ ತಂದೆ, ಐದು ವರ್ಷದ ಹಿಂದೆ. ನಾದ ಸಕತ್, ಗುರ್ ಅನ್ನುವ ಒಂದು ಗತ್ತು ಇದೆ. ಕೆಲಸವೂ ಅಚ್ಚುಕಟ್ಟು. ಜರ್ಮನಿಯದ್ದರ ಹಾಗೆ ಬ್ರಿಡ್ಜ್ ಎರಡು ಭಾಗ. ನಟ್ಟನ್ನು (ನೆಕ್ಕಿನ ತಲೆಯ ಬಳಿ ತಂತಿ ಕೂರುವ ಪಟ್ಟಿಯನ್ನು) ಸ್ಕ್ರೂ ತಿರುಗಿಸಿ ಮೇಲೆ ಕೆಳಗೆ ಮಾಡಬಹುದು.

ಆದರೆ ತೂಕ! ಸಂತೆ ಚೀಲಕ್ಕೆ ಹಾಕುವ ಕೊಕ್ಕೆ ತಕ್ಕಡಿಯಲ್ಲಿ ತೂಗಿದೆ, 4 ಕೆಜಿ 600. ಮನೆಯಲ್ಲಿ ಅರ್ಧ ಗಂಟೆ ನುಡಿಸುವವನಿಗೆ ಪರವಾಗಿಲ್ಲ. ಮೂರು ಗಂಟೆ ನಿಂತು ನುಡಿಸುವವನು ಮಾರನೇ ದಿನ ಎಡ ಭುಜ ಹಿಡಿದುಕೊಂಡು ಓಡಾಡಬೇಕು. ಅಗಲದ ಸ್ಟ್ರ್ಯಾಪ್ ಹಾಕಿದ ಮೇಲೆ ಸ್ವಲ್ಪ ವಾಸಿ. ಹೋದಾಗ ಆ ತಕ್ಕಡಿ ಜೇಬಲ್ಲಿ ಇಟ್ಟುಕೊಂಡು ಹೋಗಿ, ನಗುವವರು ನಗಲಿ.

ಸ್ಪೆಕ್ಟರ್ ಲೆಜೆಂಡ್ ಗೆಳೆಯನ ಹತ್ತಿರ ನುಡಿಸಿದ್ದೇನೆ. ಬೆನ್ನು ಭಾಗ ಬಾಗಿರುವುದರಿಂದ ಹೊಟ್ಟೆಗೆ ಅಪ್ಪಿಕೊಂಡು ಕೂರುತ್ತೆ. ವಾರ್ವಿಕ್‌ನ ಸ್ಟ್ರೀಮರ್‌ಗೂ ಅದೇ ಆಕಾರವೇ ಮೂಲ. ಚೆನ್ನಾಗಿದೆ, ಆದರೆ ನಿಮ್ಮ ದುಡ್ಡಿಗೆ ಸಿಗುವುದು ಕಷ್ಟ.

ಇನ್ನೊಂದು, ಬ್ಯಾಟರಿ ಇರುವ ಬೇಸ್ ತಗೊಂಡರೆ ನುಡಿಸಿ ಆದ ಮೇಲೆ ವೈರ್ ಕಿತ್ತಿಡಿ. ಜ್ಯಾಕ್ ಒಳಗಿದ್ದಷ್ಟು ಹೊತ್ತೂ 9 ವೋಲ್ಟ್ ಬ್ಯಾಟರಿ ಖರ್ಚಾಗುತ್ತಲೇ ಇರುತ್ತೆ. ಇದನ್ನು ನಾನು ನಾಲ್ಕು ಬ್ಯಾಟರಿ ಸುಟ್ಟ ಮೇಲೆ ಕಲಿತೆ.

ಮೈಸೂರಿನಲ್ಲಿ ಗಿಟಾರ್ ರಿಪೇರಿ ಮಾಡುವವರು

ಎಲ್ಲರೂ ಬ್ರ್ಯಾಂಡ್ ಹೇಳಿದರು. ಸೆಟಪ್, ಅಂದರೆ ನೆಕ್ಕು, ತಂತಿಯ ಎತ್ತರ ಹದ ಮಾಡುವುದರ ಬಗ್ಗೆ ಯಾರೂ ಹೇಳಲಿಲ್ಲ. ಆ ಹುಡುಗನ ಕೈ ನೋವಿಗೆ ಕಾರಣವೇ ಅದು.

ನೆಕ್ ಒಳಗೆ ಟ್ರಸ್ ರಾಡ್ ಅಂತ ಒಂದು ಕಬ್ಬಿಣದ ಸರಳು ಇರುತ್ತೆ. ತಂತಿ ಎಳೆಯುವ ಕಡೆಗೆ ನೆಕ್ ಬಾಗದಂತೆ ಅದು ತಡೆಯುತ್ತೆ. ಮಳೆಗಾಲದ ತೇವಕ್ಕೆ, ಮಾರ್ಚ್ ತಿಂಗಳ ಒಣ ಗಾಳಿಗೆ ಮರ ಅಲುಗಾಡುತ್ತೆ. ಲಕ್ಷದ ಗಿಟಾರಾದರೂ ಅಷ್ಟೇ. ಅಂಗಡಿಗೆ ಹೋದಾಗ ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒತ್ತಿ ಹಿಡಿ. ಮಧ್ಯದಲ್ಲಿ, ಏಳೆಂಟನೇ ಫ್ರೆಟ್ ಹತ್ತಿರ, ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಇದ್ದರೆ ಸರಿ. ಎಟಿಎಂ ಕಾರ್ಡ್ ಸಲೀಸಾಗಿ ಹೋದರೆ ಬಾಗಿದೆ ಅಂತ ಅರ್ಥ. ಆಮೇಲೆ ಕೈ ಬಿಟ್ಟು 12ನೇ ಫ್ರೆಟ್ ಮೇಲೆ ತಂತಿಯ ಎತ್ತರ ನೋಡು. ಎರಡು, ಎರಡೂವರೆ ಮಿ.ಮೀ. ಇದ್ದರೆ ಬೆರಳಿಗೆ ಹಿತ. ಬಾಗಿದ್ದರೆ ಹೆದರಬೇಡ, ರಾಡ್ ಕಾಲು ಸುತ್ತು ತಿರುಗಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತೆ. ರಾಡ್ ತಿರುಗುವುದೇ ಇಲ್ಲ ಅಂದರೆ ಮಾತ್ರ ಆ ಗಿಟಾರ್ ಬೇಡ. ಯೂಟ್ಯೂಬ್ ನೋಡಿ ಪೂರ್ತಿ ಸುತ್ತು ತಿರುಗಿಸಿ ಮುರಿದುಕೊಂಡು ಬಂದವರನ್ನು ನೋಡಿದ್ದೇನೆ.

ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಹೆಸರಿನ ಸ್ಟಿಕ್ಕರ್ ನಂಬಬೇಡ. ಹೋದ ವರ್ಷ ಒಬ್ಬ ಹುಡುಗ ಅಮೆರಿಕನ್ ಫೆಂಡರ್ ಅಂತ 90 ಸಾವಿರ ಕೊಟ್ಟು ತಂದ. ಉಗುರಿನಲ್ಲಿ ಗೀರಿದರೆ ಹೆಸರು ಎದ್ದು ಬಂತು, ಕೆಳಗೆ ಇನ್ನೊಂದು ಹೆಸರಿನ ಗುರುತು. ಸೀರಿಯಲ್ ನಂಬರ್ ತಗೊಂಡು ಕಂಪನಿಗೆ ಬರೆದು ಕೇಳು.

50ರಲ್ಲಿ 50ನ್ನೂ ಗಿಟಾರಿಗೇ ಹಾಕಬೇಡ. ಹೊಸ ತಂತಿ, ಸೆಟಪ್, ದಪ್ಪ ಬ್ಯಾಗು, ಇವಕ್ಕೆ ಏಳೆಂಟು ಸಾವಿರ ಬೇಕು. ಮನೆಯಲ್ಲಿ ಮಾಮೂಲಿ ಗಿಟಾರ್ ಆಂಪ್ ಇದ್ದರೆ ಅದಕ್ಕೆ ಬೇಸ್ ಸಿಕ್ಕಿಸಿ ಜೋರಾಗಿ ನುಡಿಸಬೇಡ, ಸ್ಪೀಕರ್ ಹರಿದುಹೋಗುತ್ತೆ.

ಮಂಡ್ಯದಿಂದ, ಎರಡು ತಿಂಗಳ ನಂತರ

ಎಲ್ಲರಿಗೂ ಥ್ಯಾಂಕ್ಸ್. ಬೆಂಗಳೂರಿಗೆ ಎರಡು ಸಲ, ಮೈಸೂರಿಗೆ ಮೂರು ಸಲ ಓಡಾಡಿದೆ. ಪ್ರಿಸಿಷನ್ ಹಿಡಿದೆ, ಜಾಝ್ ಹಿಡಿದೆ. ಅಕ್ಕ ಹೇಳಿದ ನಾಲ್ಕು ಮಿಲಿಮೀಟರ್ ನಿಜ, ನನಗೆ ಅಗಲವೇ ಇಷ್ಟವಾಯಿತು. ಯಮಹಾ ಬಿಬಿ ನುಡಿಸಿದಾಗ ಮನಸ್ಸು ಸ್ವಲ್ಪ ಹೊಯ್ದಾಡಿತು, ಸುಳ್ಳು ಹೇಳಲ್ಲ.

ಕೊನೆಗೆ ಮೈಸೂರಿನಲ್ಲಿ ಓದು ಮುಗಿಸಿ ಊರಿಗೆ ಹೊರಟಿದ್ದ ಒಬ್ಬರ ಹತ್ತಿರ ಸ್ಟರ್ಲಿಂಗ್ ರೇ4 ಸಿಕ್ಕಿತು, 27 ಸಾವಿರಕ್ಕೆ. ತಕ್ಕಡಿ ತಗೊಂಡು ಹೋಗಿದ್ದೆ, 4 ಕೆಜಿ ಚಿಲ್ಲರೆ. ಮಾರುವವರು ನಕ್ಕರು. ವಿಸಿಟಿಂಗ್ ಕಾರ್ಡ್ ತೆಗೆದಾಗ ನಗು ನಿಲ್ಲಿಸಿದರು. ಸಂದು ಜಾಸ್ತಿ ಇತ್ತು, ಅದನ್ನೇ ತೋರಿಸಿ ಸಾವಿರ ಇಳಿಸಿದೆ. ರಿಪೇರಿ ಸಾರ್ ಹೇಳಿದ ಹಾಗೆ ಸೆಟಪ್ ಮಾಡಿಸಿ, ತಂತಿ ಬದಲಿಸಿ, ಬ್ಯಾಗ್ ತಗೊಂಡ ಮೇಲೂ ದುಡ್ಡು ಮಿಕ್ಕಿದೆ.

ಮೊದಲ ಕಾರ್ಯಕ್ರಮ ರಾಜ್ಯೋತ್ಸವಕ್ಕೆ ಆಯಿತು. ಜನರೇಟರ್ ಹತ್ತು ಅಡಿ ದೂರದಲ್ಲಿತ್ತು. ನನ್ನ ಬೇಸ್ ಗಪ್‌ಚುಪ್. ವಾಪಸ್ ಬರುವಾಗ ಕ್ಲಚ್ ಆರಾಮಾಗಿ ಹಿಡಿದೆ.

ಅಪ್ಪ ಬ್ಯಾಗ್ ಬಿಚ್ಚಿಸಿ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಕೇಳಿದರು, "ಇದಕ್ಕೆ ನಾಲ್ಕೇ ತಂತಿನಾ? ಆರು ತಂತಿದು ಇದಕ್ಕಿಂತ ಕಮ್ಮಿಗೆ ಸಿಗುತ್ತಲ್ಲೋ?"