ಸಾಗರದ ಸುತ್ತ ಯಿಡ್ಡಿಶ್ ಕುಣಿತಕ್ಕೆ ಎಂಟು ಜನ ಸಿಗ್ತಾರಾ?

ಕೋಲಾಟದಕ್ಕ (ಸಾಗರ):
ಅಡಿಕೆ ಕೊಯ್ಲು ಮುಗಿದ ಮೇಲೆ ನಮ್ಮ ಕೋಲಾಟದ ಹೆಂಗಸರು ಸಂಜೆ ಸಮುದಾಯ ಭವನದಲ್ಲಿ ಸೇರ್ತೀವಿ. ಈಗ ಹೊಸ ಹುಚ್ಚು: ಪೂರ್ವ ಯುರೋಪಿನ ಯಹೂದಿಗಳು ಮದುವೆಮನೆಯಲ್ಲಿ ಕುಣೀತಿದ್ದ ಯಿಡ್ಡಿಶ್ ಕುಣಿತ. ‘ಶೇರ್’ಗೆ ನಾಲ್ಕು ಜೋಡಿ ಚೌಕವಾಗಿ ನಿಲ್ಲಬೇಕು. ಆರು ಜನ ತಯಾರು. ಉಳಿದವರದ್ದು ಒಂದೇ ರಾಗ, ‘ಕೋಲಿಲ್ದೆ ಈ ಕೈ ಎಲ್ಲಿಟ್ಕೊಳ್ಳೋದು ಮಾರಾಯ್ತಿ?’ ಹೆಂಗಸರು ಹೆಂಗಸರೇ ಜೋಡಿಯಾಗಬಹುದಾ? ತಾಳಕ್ಕೆ ಡೊಳ್ಳು ನಡೆಯುತ್ತಾ?

ಹೊಸನಗರದವ (ಈಗ ಜರ್ಮನಿ):
ಅಕ್ಕ, ಧಾರಾಳವಾಗಿ ಆಗಬಹುದು. ಸಂಪ್ರದಾಯಸ್ಥ ಯಹೂದಿ ಮದುವೆಗಳಲ್ಲಿ ಗಂಡಸರು, ಹೆಂಗಸರು ಬೇರೆ ಬೇರೆಯೇ ಕುಣಿಯೋದು. ಆದ್ರೆ ಶೇರ್‌ನಿಂದ ಶುರು ಮಾಡಬೇಡಿ, ಯಾವ ಜೋಡಿ ಯಾವಾಗ ದಾಟಬೇಕು ಅನ್ನೋದರಲ್ಲೇ ಜಗಳವಾಗುತ್ತೆ. ಮೊದಲು ‘ಫ್ರೇಲಖ್ಸ್’ ಹಿಡೀರಿ. ಕೈಕೈ ಹಿಡಿದು ಸುತ್ತು ಹಾಕೋದು, ಯಾರು ಬೇಕಾದ್ರೂ ನಡುವೆ ಸೇರಬಹುದು. ಕೈಯ ಚಿಂತೆಯೂ ಅಲ್ಲೇ ಮುಗೀತು.

ಇಲ್ಲಿ ಜರ್ಮನಿಯ ವೈಮಾರ್ ಊರಲ್ಲಿ ಪ್ರತಿ ಬೇಸಿಗೆ ಯಿಡ್ಡಿಶ್ ಉತ್ಸವ ನಡೆಯುತ್ತೆ, ಅಲ್ಲಿ ನೋಡಿದೆ. ಹಾರಾಟ ಕಡಿಮೆ. ಬೆನ್ನು ನೆಟ್ಟಗೆ, ಭುಜದ್ದೇ ಚೆಂದ. ಒಬ್ಬ ಅಜ್ಜ ಪಾದ ಎತ್ತಿದ್ದೇ ಕಾಣ್ಲಿಲ್ಲ, ಎಡಭುಜ ಒಂಚೂರು ಕುಣಿಸಿದ, ಸಭೆಯೆಲ್ಲ ಅವನನ್ನೇ ನೋಡ್ತು. ಯೂಟ್ಯೂಬಲ್ಲಿ ‘ಹವಾ ನಗೀಲಾ’ ಅನ್ನೋ ಹೆಸರಾದ ಯಹೂದಿ ಹಾಡು ಹುಡುಕಿದ್ರೆ ಸಿಗೋದು ಹೆಚ್ಚಾಗಿ ಇಸ್ರೇಲಿ ಕುಣಿತ, ಅದರ ದಾರಿ ಬೇರೆ. ಯಿಡ್ಡಿಶ್ ಕುಣಿತದ ಜನರನ್ನೇ ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಕೊಂದಿದ್ದರಿಂದ ಕಲಿಸೋ ಹಿರಿಯರೂ ಹೆಚ್ಚು ಉಳೀಲಿಲ್ಲ. 1985ರಲ್ಲಿ ಅಮೆರಿಕದಲ್ಲಿ ‘ಕ್ಲೆಜ್‌ಕ್ಯಾಂಪ್’ ಅನ್ನೋ ಯಿಡ್ಡಿಶ್ ಸಂಗೀತ-ಕುಣಿತದ ಶಿಬಿರ ಶುರುವಾಗಿ, ಬದುಕುಳಿದಿದ್ದನ್ನ ಹೊಸಬರಿಗೆ ಕಲಿಸೋ ಕೆಲಸಕ್ಕೆ ಬಲ ಬಂತು.

ಬ್ಯಾಂಡ್‌ಸೆಟ್ ಭಟ್ರು (ತೀರ್ಥಹಳ್ಳಿ):
ಡೊಳ್ಳು ಬೇಡ್ರೀ, ಪಿಟೀಲೇ ಕೇಳ್ಸಲ್ಲ. ನಾನು ಮದುವೆಗೆ ಕ್ಲಾರಿನೆಟ್ ಊದೋನು, ಈ ಕುಣಿತಕ್ಕೆ ನುಡಿಸೋ ಕ್ಲೆಜ್ಮರ್ ಸಂಗೀತದಲ್ಲೂ ಅದೇ ದೊಡ್ಡ ವಾದ್ಯ, ಅದಕ್ಕಿಂತ ಮೊದಲು ಪಿಟೀಲು. ಫ್ರೇಲಖ್ಸ್ ಎರಡೆಣಿಕೆ, ಸಲೀಸು. ನಿಧಾನದ ‘ಹೋರಾ’ ಕುಣಿತ ಮಾತ್ರ ಕೈ ಕೊಡುತ್ತೆ: ಮೂರೆಣಿಕೆಯಲ್ಲಿ ಒಂದು, ಮೂರು ಹೊಡೆದು ನಡುವಿಂದು ಖಾಲಿ. ಕಾಲು ಕುಂಟಿದ ಹಾಗಾಗ್ಬೇಕು. ಢೋಲಕ್ ತಂದ್ರೆ ನಾನು ಬರ್ತೀನಿ.

ತೋಟದಿಂದ (ಹೊಸನಗರ):
ನಮ್ಮ ದೀಪಾವಳಿ ಅಂಟಿಗೆ-ಪಂಟಿಗೆಗೇ ಹುಡುಗರಿಲ್ಲ, ನೀವು ಯುರೋಪಿಗೆ ಹೊರಟ್ರಿ!

ಕೋಲಾಟದಕ್ಕ:
ಅಂಟಿಗೆ-ಪಂಟಿಗೆಗೆ ಹೆಂಗಸರನ್ನ ಕರೀರಿ, ನಾಳೆಯೇ ಬರ್ತೀವಿ. ಈ ಕುಣಿತಗಳಲ್ಲಿ ‘ಬ್ರೋಯ್ಗೆಸ್ ಟಾಂಟ್ಸ್’ ಅಂತ ಒಂದಿದೆ, ಇಬ್ಬರು ಬೀಗಿತ್ತಿಯರು ಮುನಿಸ್ಕೊಂಡು ಬೆನ್ನು ತಿರುಗಿಸಿ, ಒಬ್ಬಳು ರಮಿಸಿ, ಕೊನೆಗೆ ರಾಜಿಯಾಗೋದು. ನಮ್ಮ ಬೀಗರ ಹಾಡು ಹೇಳೋ ಹೆಂಗಸರಿಗೆ ಇದನ್ನ ಯಾರೂ ಕಲಿಸಬೇಕಿಲ್ಲ. ಶನಿವಾರ ಐದಕ್ಕೆ ಬನ್ನಿ. ಸಿಮೆಂಟ್ ನೆಲ ಜಾರುತ್ತೆ, ಚಪ್ಪಲಿ ಹೊರಗಿಡಿ. ಭಟ್ರೇ, ಢೋಲಕ್ ಸಿಕ್ಕಿದೆ.